ಸಂಕಲ್ಪದಲ್ಲಿ ಸಿಗದ ವಿಳಾಸ: ಸೃಷ್ಟಿ, ಜೀವವಿಕಾಸ ಮತ್ತು ಅನ್ಯಗ್ರಹದ ಬುದ್ಧಿ

ಕರಾವಳಿಯಲ್ಲಿ ಯಾರ ಮನೆಯ ಪೂಜೆಯೇ ಇರಲಿ, ಅದು ಸಂಕಲ್ಪದಿಂದ ಆರಂಭವಾಗುತ್ತದೆ. ಮಣೆಯ ಮೇಲೆ ಕುಳಿತ ಯಜಮಾನ ಬಲತೊಡೆಯ ಮೇಲೆ ಅಂಗೈಗಳನ್ನು ಜೋಡಿಸಿಕೊಂಡಾಗ, ಪುರೋಹಿತರು ಒಂದೇ ಉಸಿರಿನಲ್ಲಿ ಆತ ಕುಳಿತಿರುವ ಕಾಲವನ್ನೂ ಸ್ಥಳವನ್ನೂ ಗುರುತಿಸಿ ಹೇಳುತ್ತಾರೆ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಮಹಾಯುಗದ ಕಲಿಯುಗ, ಅದರ ಪ್ರಥಮ ಪಾದ. ಜಂಬೂದ್ವೀಪ, ಭರತವರ್ಷ, ಭರತಖಂಡ, ಪರಶುರಾಮ ಕ್ಷೇತ್ರ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ. ಬ್ರಹ್ಮನ ಆಯುಷ್ಯದಿಂದ ಹೊರಟು ಮನೆಯ ಜಗಲಿಯವರೆಗೆ ಇಳಿದು ಬರುವ ಒಂದು ಪೂರ್ಣ ವಿಳಾಸ ಅದು.

2025ರ ಮೇ ತಿಂಗಳಲ್ಲಿ ಬ್ರಹ್ಮಾವರದ ಸಮೀಪದ ಒಂದು ಗೃಹಪ್ರವೇಶದಲ್ಲಿ, ಊಟದ ಪಂಕ್ತಿ ಎದ್ದು ಎಲ್ಲರೂ ಚಪ್ಪರದ ಕೆಳಗೆ ಎಲೆ-ಅಡಿಕೆ ಹಾಕಿಕೊಂಡು ಕುಳಿತಿದ್ದಾಗ, ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಪುರೋಹಿತರನ್ನು ಕೇಳಿದಳು: “ಭಟ್ರೇ, ಕೆ2-18ಬಿ ಅಂತ ಒಂದು ಗ್ರಹ ಉಂಟಲ್ಲ, ಅಲ್ಲಿ ಯಾರಾದ್ರೂ ಪೂಜೆಗೆ ಕೂತ್ರೆ ನೀವು ಸಂಕಲ್ಪದಲ್ಲಿ ಯಾವ ದ್ವೀಪ ಹೇಳ್ತೀರಿ?” ಸುತ್ತ ಇದ್ದವರು ನಕ್ಕರು. ಭಟ್ಟರು ನಗಲಿಲ್ಲ. ಅವರು ಕೊಟ್ಟ ಉತ್ತರಕ್ಕೆ ಆಮೇಲೆ ಬರುತ್ತೇನೆ. ಪ್ರಶ್ನೆ ನನ್ನ ಮಟ್ಟಿಗೆ ತಮಾಷೆಯದಾಗಿರಲಿಲ್ಲ.

ಆ ಪ್ರಶ್ನೆ ಅವಳಿಗೆ ಸಿಕ್ಕಿದ್ದು ಸುದ್ದಿಯಿಂದ. ಅದಕ್ಕೆ ಒಂದು ತಿಂಗಳ ಹಿಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡವು, 124 ಜ್ಯೋತಿರ್ವರ್ಷ ದೂರದಲ್ಲಿರುವ ಕೆ2-18ಬಿ ಗ್ರಹದ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದೆಯೆಂದು ಪ್ರಕಟಿಸಿತ್ತು. ಭೂಮಿಯಲ್ಲಿ ಈ ಅನಿಲ ಮುಖ್ಯವಾಗಿ ಸಮುದ್ರದ ಸೂಕ್ಷ್ಮ ಸಸ್ಯಜೀವಿಗಳಿಂದ ಹುಟ್ಟುತ್ತದೆ. ಮಲ್ಪೆಯ ದಂಡೆಯಲ್ಲಿ ನಿಂತವರ ಮೂಗಿಗೆ ತಟ್ಟುವ ಕಡಲ ವಾಸನೆಯಲ್ಲಿ ಅದಕ್ಕೂ ಪಾಲಿದೆ. ಬೇರೆ ತಂಡಗಳು ಅದೇ ದತ್ತಾಂಶವನ್ನು ಮತ್ತೊಮ್ಮೆ ಲೆಕ್ಕ ಹಾಕಿ, ಸಂಕೇತ ನಂಬುವಷ್ಟು ಬಲವಾಗಿಲ್ಲ ಎಂದವು. ಅದೇ ಅನಿಲ ಒಂದು ಧೂಮಕೇತುವಿನಲ್ಲಿಯೂ ಪತ್ತೆಯಾಗಿರುವುದರಿಂದ, ಜೀವದ ನೆರವಿಲ್ಲದೆಯೂ ಅದು ಉಂಟಾಗಬಲ್ಲದು ಎಂಬುದು ಇನ್ನೊಂದು ತಕರಾರು. ಜುಲೈ ತಿಂಗಳಲ್ಲಿ ಸೌರಮಂಡಲದ ಹೊರಗಿನಿಂದ ಬಂದ 3ಐ/ಅಟ್ಲಾಸ್ ಎಂಬ ಧೂಮಕೇತು ಕಾಣಿಸಿಕೊಂಡಾಗಲಂತೂ ಅದು ಅನ್ಯಗ್ರಹದವರ ನೌಕೆಯೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ತನ್ನ 10ನೇ ತರಗತಿಯ ವಿಜ್ಞಾನ ಪಠ್ಯದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಅದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ವಿಷಯ ಉಳಿದಿದೆ ನಿಜ, ಆದರೆ ವಾಣಿಜ್ಯಕ್ಕೋ ಎಂಜಿನಿಯರಿಂಗಿಗೋ ಹೊರಟ ಮಗು ಆ ಪಾಠವನ್ನು ಒಮ್ಮೆಯೂ ಓದದೆ ದೊಡ್ಡದಾಗಿಬಿಡಬಹುದು. ಅಂದರೆ ಡಾರ್ವಿನ್ನನ ಪರಿಚಯವಾಗುವ ಮೊದಲೇ ಅನ್ಯಗ್ರಹ ಜೀವಿಯ ಪರಿಚಯವಾಗುವ ಒಂದು ತಲೆಮಾರು ನಮ್ಮ ನಡುವೆ ಬೆಳೆಯುತ್ತಿದೆ. ಇದು ಅಡಿಪಾಯ ಹಾಕದೆ ಮಾಡು ಕಟ್ಟಿದ ಹಾಗೆ. ಬೇರೊಂದು ಗ್ರಹದಲ್ಲಿ ಬುದ್ಧಿ ಹುಟ್ಟೀತೇ ಎಂದು ಕೇಳುವವರು ಈ ಗ್ರಹದಲ್ಲಿ ಅದು ಹೇಗೆ ಹುಟ್ಟಿತೆಂದು ತಿಳಿಯದೆ ಒಂದು ಹೆಜ್ಜೆಯನ್ನೂ ಮುಂದಿಡಲಾರರು.

ಜೀವವಿಕಾಸಕ್ಕೂ ಧರ್ಮಕ್ಕೂ ಏನು ಸಂಬಂಧ, ಅನ್ಯಗ್ರಹದ ಬುದ್ಧಿಗೂ ಧರ್ಮಕ್ಕೂ ಏನು ಸಂಬಂಧ ಎಂದು ಈ ಎರಡನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಚರ್ಚಿಸುತ್ತಾರೆ. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಜಗತ್ತಿಗೊಬ್ಬ ಕರ್ತೃ ಇದ್ದಾನೆಂಬ ನಂಬಿಕೆಯನ್ನು ಇವು ನೇರವಾಗಿ ಮುಟ್ಟುವುದೇ ಇಲ್ಲ. ಇವು ಒತ್ತುವುದು ಆ ಕರ್ತೃವಿನ ಮನೆಯಲ್ಲಿ ಮನುಷ್ಯ ತನಗಾಗಿ ಕಾದಿರಿಸಿಕೊಂಡ ಮಣೆಯನ್ನು.

ಮೊದಲು ನಮ್ಮಲ್ಲಿ ಬಹಳ ಚಲಾವಣೆಯಲ್ಲಿರುವ ಸುಲಭದ ಹೊಂದಾಣಿಕೆಗಳನ್ನು ನೋಡೋಣ. ಒಂದು ಕಲ್ಪವೆಂದರೆ 43 ಲಕ್ಷದ 20 ಸಾವಿರ ವರ್ಷಗಳ ಸಾವಿರ ಮಹಾಯುಗಗಳು, ಒಟ್ಟು 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಎರಡೂ ಹತ್ತಿರ ಹತ್ತಿರ ಇವೆಯಲ್ಲ, ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂಬುದು ಒಂದು ವಾದ. ಆದರೆ ಕಲ್ಪದ ಲೆಕ್ಕ ಬ್ರಹ್ಮನ ಒಂದು ಹಗಲಿನದು, ಭೂಮಿ ಹುಟ್ಟಿ ಇಲ್ಲಿಯವರೆಗೆ ಕಳೆದ ಕಾಲದ್ದಲ್ಲ. ಸಂಕಲ್ಪದ ಪ್ರಕಾರವೇ ನಾವು ಆ ಹಗಲಿನ ನಡುವಿನಲ್ಲಿ, ಏಳನೆಯ ಮನ್ವಂತರದಲ್ಲಿ ಇದ್ದೇವೆ. ಇತ್ತ ಭೂಮಿಯ ವಯಸ್ಸನ್ನು ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳಲ್ಲಿನ ಸೀಸದ ಸಮಸ್ಥಾನಿಗಳನ್ನು (ಐಸೋಟೋಪ್) ಅಳೆದು ಕಂಡುಕೊಂಡ. ಒಂದು ಗುಣಾಕಾರದಿಂದ ಬಂದ ಸಂಖ್ಯೆ, ಇನ್ನೊಂದು ಅಳತೆಯಿಂದ ಬಂದದ್ದು. ಅವು ಹತ್ತಿರವಿರುವುದು ಕಾಕತಾಳೀಯ. ಇಷ್ಟು ದೊಡ್ಡ ಕಾಲವನ್ನು ಊಹಿಸಿಕೊಳ್ಳಲು ಹೆದರದ ಮನಸ್ಸು ನಮ್ಮ ಪರಂಪರೆಗಿತ್ತು ಎಂದು ಹೇಳಿ ಅಲ್ಲಿಗೆ ನಿಲ್ಲಿಸಿದರೆ ಅದು ನ್ಯಾಯವಾದ ಹೆಮ್ಮೆ.

84 ಲಕ್ಷ ಯೋನಿಗಳ ಕಥೆಯೂ ಹೀಗೆಯೇ. ಸಂಕೀರ್ಣ ಕೋಶಗಳ ಜೀವಿಗಳಲ್ಲಿ ಸುಮಾರು 87 ಲಕ್ಷ ಪ್ರಭೇದಗಳು ಇರಬಹುದೆಂದು 2011ರಲ್ಲಿ ಒಂದು ಅಂದಾಜು ಬಂದ ದಿನದಿಂದ ಈ ಹೋಲಿಕೆ ಊರೆಲ್ಲ ಸುತ್ತುತ್ತಿದೆ. ಆ ಅಂದಾಜಿನಲ್ಲಿ ಬ್ಯಾಕ್ಟೀರಿಯಾಗಳಿಲ್ಲ. ಹೆಚ್ಚುಕಮ್ಮಿ 13 ಲಕ್ಷದ ಅನಿಶ್ಚಿತತೆ ಇದೆ. ಮತ್ತು ಅದು ಇವತ್ತು ಬದುಕಿರುವ ಜೀವಿಗಳ ಲೆಕ್ಕ ಮಾತ್ರ. ಭೂಮಿಯ ಮೇಲೆ ಇದುವರೆಗೆ ಬಾಳಿದ ಪ್ರಭೇದಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅಳಿದುಹೋಗಿವೆ. ಜೀವವಿಕಾಸದ ಹೂರಣವೇ ಅದು: ಯೋನಿಗಳ ಪಟ್ಟಿ ಯಾವತ್ತೂ ಸ್ಥಿರವಾಗಿ ನಿಂತಿಲ್ಲ.

ಇನ್ನು ದಶಾವತಾರ. ಮೀನು, ಆಮೆ, ಹಂದಿ, ನರ-ಸಿಂಹ, ಕುಳ್ಳ, ಪೂರ್ಣಮಾನವ ಎಂಬ ಸಾಲನ್ನು ವಿಕಾಸದ ಮುನ್ಸೂಚನೆಯೆಂದು ಓದುವ ಚಾಳಿ 19ನೇ ಶತಮಾನದ ಉತ್ತರಾರ್ಧದಷ್ಟು ಹಳೆಯದು; ಬಂಗಾಳದ ಕೇಶವಚಂದ್ರ ಸೇನರೂ ಹಾಗೆ ಹೇಳಿದ್ದರು, ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಅದನ್ನು ಮೆಚ್ಚುಗೆಯಿಂದ ಗಮನಿಸಿದ್ದ. ಯಕ್ಷಗಾನವನ್ನೇ ದಶಾವತಾರದ ಆಟ ಎಂದು ಕರೆಯುವ ನಾಡಿನಲ್ಲಿ ಈ ಹೋಲಿಕೆ ಕಿವಿಗೆ ಹಿತವಾಗಿರುವುದು ಸಹಜ. ಆದರೂ ಒಪ್ಪಲು ಕಷ್ಟ. ಅವತಾರಗಳಲ್ಲಿ ಮೀನು ಆಮೆಯಾಗುವುದಿಲ್ಲ, ಆಮೆ ಹಂದಿಯನ್ನು ಹೆರುವುದಿಲ್ಲ. ಪ್ರತಿ ಸಲವೂ ಪೂರ್ಣನಾದ ಒಬ್ಬನೇ ಬೇರೆ ಬೇರೆ ವೇಷದಲ್ಲಿ ರಂಗಸ್ಥಳಕ್ಕೆ ಬರುತ್ತಾನೆ. ಮತ್ಸ್ಯನಲ್ಲಿ ಕೃಷ್ಣನಿಗಿಂತ ಏನೋ ಕಡಿಮೆ ಇತ್ತೆಂದು ಮಾಧ್ವ ಪಂಡಿತರೆದುರು ಹೇಳಿ ನೋಡಿ, ಅವತಾರಗಳ ನಡುವೆ ಭೇದವೆಣಿಸುವುದೇ ಅಪರಾಧವೆಂದು ಅವರು ನಿಮ್ಮನ್ನು ಅಲ್ಲಿಯೇ ತಡೆಯುತ್ತಾರೆ. ವಿಜ್ಞಾನದ ಕಡೆಯಿಂದಲೂ ಇದು ನಿಲ್ಲದು. ಜೀವವಿಕಾಸ ಒಂದು ಏಣಿಯಾಗಿರದೆ ಕವಲೊಡೆಯುವ ಮರವಾಗಿದೆ. ವಿಜ್ಞಾನವನ್ನೂ ಶಾಸ್ತ್ರವನ್ನೂ ಒಟ್ಟಿಗೆ ಕೆಡಿಸುವ ರಾಜಿ ಇದು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿ ಕಂಬಗಳ ಹಾಗೆ ನಿಂತ, ಬಹುತೇಕ ಆರು ಮುಖಗಳ ಕಪ್ಪು ಶಿಲೆಗಳನ್ನು ನೋಡಿರುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣಿಯುವಾಗ ಕುಗ್ಗಿ ಬಿರುಕುಬಿಟ್ಟು ಆದ ರೂಪ ಅದು. ಇಂಥ ಬೇರ್ಪಡೆಗಳ ಗುರುತು ಕಲ್ಲಿನಲ್ಲಿ ಮಾತ್ರ ಉಳಿದಿಲ್ಲ. ಪಶ್ಚಿಮಘಟ್ಟದ ದಕ್ಷಿಣ ಭಾಗದಲ್ಲಿ ವರ್ಷದ ಬಹುಪಾಲು ಮಣ್ಣಿನೊಳಗೇ ಇರುವ ಒಂದು ನೇರಳೆ ಬಣ್ಣದ ಕಪ್ಪೆಯನ್ನು 2003ರಲ್ಲಿ ವಿಜ್ಞಾನಿಗಳು ವಿವರಿಸಿದಾಗ, ಅದರ ಅತ್ಯಂತ ಹತ್ತಿರದ ಬಂಧುಗಳು ಸಿಕ್ಕಿದ್ದು ಸಮುದ್ರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿ. ಉಪ್ಪುನೀರನ್ನು ತಾಳಲಾರದ ಕಪ್ಪೆ ಕಡಲು ಈಜಿ ಹೋಗಿಲ್ಲ. ನೆಲವೇ ಒಡೆದು ದೂರ ಸರಿದಾಗ ಎರಡು ಪಾಲಾದ ಮನೆತನ ಅದು. ಇದೇ ಕರಾವಳಿಯನ್ನು ಪರಶುರಾಮ ಕೊಡಲಿ ಎಸೆದು ಸಮುದ್ರದಿಂದ ಪಡೆದನೆಂಬ ಕಥೆಯನ್ನೂ ನಾವು ಬಿಟ್ಟಿಲ್ಲ. ಎರಡನ್ನೂ ಒಂದೇ ದಿನ ಒಂದೇ ಬಾಯಲ್ಲಿ ಹೇಳುವುದು ಇಲ್ಲಿ ಯಾರಿಗೂ ತೊಡಕೆನಿಸುವುದಿಲ್ಲ. ಒಂದು ನೆಲ ಹೇಗಾಯಿತೆಂದು ಹೇಳುತ್ತದೆ, ಇನ್ನೊಂದು ಈ ನೆಲದ ಋಣ ಯಾರದೆಂದು ಹೇಳುತ್ತದೆ ಎಂದು ವಿಂಗಡಿಸಿಕೊಂಡು ಬಿಡುತ್ತೇವೆ. ಈ ವಿಂಗಡಣೆ ಬಹಳ ದೂರ ನಡೆಯುತ್ತದೆ, ಆದರೆ ಕೊನೆಯವರೆಗೆ ನಡೆಯುವುದಿಲ್ಲ. ಧರ್ಮಗಳು ಋಣದ ಮಾತು ಮಾತ್ರ ಆಡುವುದಿಲ್ಲ. ಆದಿಯಲ್ಲಿ ಯಾರು ಇದ್ದರು, ಏನು ನಡೆಯಿತು ಎಂದೂ ಹೇಳುತ್ತವೆ.

ಹಾಗಾದರೆ ಸೃಷ್ಟಿ ಎಂದರೇನು? ಉಡುಪಿಯ ನೆಲದಲ್ಲಿಯೇ ಇದಕ್ಕೊಂದು ಸೂಕ್ಷ್ಮವಾದ ಉತ್ತರ 13ನೇ ಶತಮಾನದಲ್ಲಿ ಸಿದ್ಧವಾಗಿತ್ತು. ಮಧ್ವಾಚಾರ್ಯರ ಪ್ರಕಾರ ಜೀವಗಳೂ ಜಡಪ್ರಕೃತಿಯೂ ಅನಾದಿ. ದೇವರು ಅವನ್ನು ಶೂನ್ಯದಿಂದ ತಂದವನಲ್ಲ, ತನ್ನ ಮೈಯಿಂದ ಹೊರಹಾಕಿದವನೂ ಅಲ್ಲ. ಆತ ನಿಮಿತ್ತಕಾರಣ, ಕುಂಬಾರನ ಹಾಗೆ. ಹಾಗಾದರೆ ಅನಾದಿಯಾದದ್ದಕ್ಕೆ ಸೃಷ್ಟಿ ಎಲ್ಲಿಂದ ಬರಬೇಕು? ಇಲ್ಲಿ ಅವರು ತರುವ ಪದ ‘ಪರಾಧೀನವಿಶೇಷಾಪ್ತಿ’. ಇನ್ನೊಬ್ಬನ ಅಧೀನದಲ್ಲಿದ್ದುಕೊಂಡು ಹೊಸದೊಂದು ವಿಶೇಷವನ್ನು, ಹೊಸದೊಂದು ಸ್ಥಿತಿಯನ್ನು ಪಡೆಯುವುದೇ ಸೃಷ್ಟಿ. ಅಂದರೆ ಯಾವತ್ತೋ ಒಂದು ದಿನ ನಡೆದು ಮುಗಿದ ಘಟನೆಗಿಂತ ಹೆಚ್ಚಾಗಿ, ಪ್ರತಿಕ್ಷಣವೂ ಇರುವ ಒಂದು ಅವಲಂಬನೆಯ ಹೆಸರು ಅದು. ಅದೇ ಶತಮಾನದಲ್ಲಿ, ಇವರ ಹೆಸರನ್ನು ಅವರು, ಅವರ ಹೆಸರನ್ನು ಇವರು ಕೇಳಿರುವ ಸಾಧ್ಯತೆಯೇ ಇಲ್ಲದ ದೂರದಲ್ಲಿ, ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಇಂಥದೇ ಮಾತನ್ನು ಬೇರೆ ದಾರಿಯಿಂದ ತಲುಪಿದ್ದ. ಜಗತ್ತಿಗೆ ಆರಂಭವೊಂದು ಇತ್ತೆಂದು ಅವನು ನಂಬಿದ್ದು ಧರ್ಮಗ್ರಂಥದ ಆಧಾರದಿಂದ. ತರ್ಕದ ಮಟ್ಟಿಗೆ ಜಗತ್ತು ಅನಾದಿಯಾಗಿದ್ದರೂ ಅದು ಸೃಷ್ಟಿಯೇ ಆಗಿರಬಲ್ಲದು, ಏಕೆಂದರೆ ಅದರ ಇರವು ದೇವರನ್ನು ಅವಲಂಬಿಸಿದೆ ಎಂದ. ಇಬ್ಬರ ನಡುವೆ ದೊಡ್ಡ ವ್ಯತ್ಯಾಸವೂ ಇದೆ: ಅಕ್ವಿನಾಸನಿಗೆ ವಸ್ತುವಿನ ಇರವೇ ದೇವರ ಕೊಡುಗೆ. ಮಧ್ವರಲ್ಲಿ ವಸ್ತು ಸದಾ ಇದ್ದದ್ದೇ ಆದರೂ ಅದರ ಇರವು, ಇರುವ ಬಗೆ ಎರಡೂ ಹರಿಯ ಅಧೀನ.

ಈ ಅರ್ಥದ ಸೃಷ್ಟಿಗೆ ಜೀವವಿಕಾಸ ಅಡ್ಡ ಬರುವುದೇ ಇಲ್ಲ. ಮೀನಿನ ಈಜುರೆಕ್ಕೆ ಕಾಲಾಗುವುದೂ ಒಂದು ವಿಶೇಷಾಪ್ತಿ. ಅದು ನೈಸರ್ಗಿಕ ಆಯ್ಕೆಯಿಂದ ಆಯಿತು ಎಂಬುದು ‘ಹೇಗೆ’ ಎಂಬುದರ ಉತ್ತರ. ಆ ಇಡೀ ವ್ಯವಸ್ಥೆ ಪರಾಧೀನವೇ ಸ್ವತಂತ್ರವೇ ಎಂಬುದನ್ನು ಯಾವ ಪಳೆಯುಳಿಕೆಯೂ ಹೇಳಲಾರದು. ಸ್ವತಃ ಪಾದ್ರಿಯಾಗಿದ್ದ ಜಾರ್ಜ್ ಲೆಮೈತ್ರ್‌ಗೆ ಈ ಎಚ್ಚರ ಚೆನ್ನಾಗಿತ್ತು. ವಿಶ್ವವು ಒಂದು ಆದಿಕಣದಿಂದ ಹಿಗ್ಗಿತೆಂಬ ವಿಚಾರವನ್ನು 1931ರಲ್ಲಿ ಮುಂದಿಟ್ಟವನು ಅವನೇ. 1951ರಲ್ಲಿ ಪೋಪ್ 12ನೇ ಪಿಯುಸ್ ಅದನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಎತ್ತಿ ಹೇಳಿದಾಗ ಸಂತೋಷಪಡದೆ ಕಸಿವಿಸಿಗೊಂಡವನೂ ಅವನೇ. ಇವತ್ತಿನ ಸಿದ್ಧಾಂತಕ್ಕೆ ದೇವರನ್ನು ಕಟ್ಟಿಹಾಕಿದರೆ ನಾಳೆ ಸಿದ್ಧಾಂತ ಬದಲಾದಾಗ ದೇವರಿಗೇನು ಗತಿ ಎಂಬ ಭಯ ಅವನದಾಗಿದ್ದಿರಬೇಕು. ಕಲ್ಪಕ್ಕೂ ಭೂಮಿಯ ವಯಸ್ಸಿಗೂ ಗಂಟುಹಾಕುವ ನಮ್ಮವರು ಇದನ್ನು ಗಮನಿಸಿದರೆ ಒಳ್ಳೆಯದು.

ಇಲ್ಲಿಯವರೆಗೆ ದಾರಿ ಸಲೀಸು. ಇನ್ನು ಅಷ್ಟು ಸಲೀಸಲ್ಲ.

ಮಲ್ಪೆ ಬಂದರಿನಲ್ಲಿ ಬೆಳಗಿನ ಹೊತ್ತು ಬೊಂಡಾಸ್ (ಸ್ಕ್ವಿಡ್) ಕೊಳ್ಳುವಾಗ ಮಾರುವ ಅಕ್ಕ ಅದನ್ನು ಸ್ವಚ್ಛಮಾಡುವ ರೀತಿಯನ್ನು ನೋಡಿದ್ದೇನೆ. ಚೀಲದಂಥ ಮೈಯೊಳಗೆ ಬೆರಳು ಹಾಕಿ ತಲೆಯನ್ನು ಎಳೆದರೆ ಕರುಳಿನ ಜೊತೆಗೆ ಶಾಯಿಯ ಚೀಲವೂ ಬರುತ್ತದೆ. ಪ್ಲಾಸ್ಟಿಕ್ಕಿನ ಹಾಗಿರುವ ಬೆನ್ನೆಲುಬಿನಂಥ ಕಡ್ಡಿಯನ್ನು ಬೇರೆಯಾಗಿ ಎಳೆಯಬೇಕು. ಆಮೇಲೆ ಕತ್ತಿಯ ಮೊನೆಯಿಂದ ಎರಡು ಕಣ್ಣುಗಳನ್ನು ಕಿತ್ತು ಬಿಸಾಡುತ್ತಾಳೆ. ಒಂದು ಸಲ ಆ ಕಣ್ಣನ್ನು ಬಿಸಾಡದೆ ಕೊಡಲು ಹೇಳಿ ಮನೆಗೆ ತಂದು ಕೊಯ್ದು ನೋಡಿದೆ. ಒಳಗೆ ಸಾಬಕ್ಕಿಯ ಕಾಳಿಗಿಂತ ತುಸು ದೊಡ್ಡದಾದ, ಗಾಜಿನಷ್ಟು ಸ್ವಚ್ಛವಾದ ಒಂದು ಮಸೂರ ಸಿಕ್ಕಿತು. ಮುಂದೆ ಪಾಪೆ, ನಡುವೆ ಮಸೂರ, ಹಿಂದೆ ಬೆಳಕು ಹಿಡಿಯುವ ಪರದೆ. ನಮ್ಮ ಕಣ್ಣಿನ ವ್ಯವಸ್ಥೆಯೇ ಅದು. ಆದರೆ ನಮಗೂ ಬೊಂಡಾಸಿಗೂ ಸಮಾನವಾದ ಪೂರ್ವಜ ಬಾಳಿದ್ದು 50 ಕೋಟಿ ವರ್ಷಗಳಿಗಿಂತಲೂ ಹಿಂದೆ. ಅದಕ್ಕೆ ಇಂಥ ಕಣ್ಣು ಇರಲಿಲ್ಲ. ಕ್ಯಾಮೆರಾದಂಥ ಕಣ್ಣು ಎರಡು ವಂಶಗಳಲ್ಲಿ ಎರಡು ಸಲ ಪ್ರತ್ಯೇಕವಾಗಿ ಆಗಿದೆ. ಒಂದು ವ್ಯತ್ಯಾಸ ಮಾತ್ರ ಉಳಿದಿದೆ. ನಮ್ಮ ಕಣ್ಣಿನಲ್ಲಿ ನರತಂತುಗಳು ಪರದೆಯ ಮುಂದೆ ಹಾದು ಒಂದು ಕಡೆ ತೂತು ಮಾಡಿಕೊಂಡು ಹಿಂದೆ ಹೋಗುವುದರಿಂದ ಅಲ್ಲೊಂದು ಕುರುಡುಚುಕ್ಕೆ ಇದೆ. ಬೊಂಡಾಸಿನಲ್ಲಿ ನರಗಳು ಪರದೆಯ ಹಿಂಬದಿಯಿಂದಲೇ ಹೊರಡುವ ಕಾರಣ ಆ ಚುಕ್ಕೆಯಿಲ್ಲ.

1802ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿ ಎಂಬ ಪಾದ್ರಿ, ಕಣ್ಣಿನಂಥ ಯಂತ್ರವನ್ನು ಕಂಡ ಮೇಲೆ ಯಂತ್ರಕಾರನೊಬ್ಬನನ್ನು ಒಪ್ಪದೆ ವಿಧಿಯಿಲ್ಲ ಎಂದು ವಾದಿಸಿದ್ದ. ಪೇಲಿಯ ಯಂತ್ರಕಾರ ದುಡುಕಿ ನಮಗೆ ಹಿಂದುಮುಂದಾದ ಕಣ್ಣನ್ನು ಕೊಟ್ಟು, ಸುಕ್ಕ ಮಾಡಿ ತಿನ್ನುವ ಪ್ರಾಣಿಗೆ ಸರಿಯಾದದ್ದನ್ನು ಕೊಟ್ಟನೇ? ಆ ರೀತಿಯ ಸೃಷ್ಟಿವಾದಕ್ಕೆ ಉತ್ತರವಿಲ್ಲ. ಪರಾಧೀನತೆಯ ಸೃಷ್ಟಿವಾದಕ್ಕೆ ಇದು ಪೆಟ್ಟೇ ಅಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಅನ್ಯಗ್ರಹದ ಪ್ರಶ್ನೆಯೂ ಇದೇ ಕಣ್ಣಿನಿಂದ ಹೊರಡುತ್ತದೆ. ಕಣ್ಣು ಎರಡು ಸಲ ಆಗಬಹುದಾದರೆ ಬುದ್ಧಿ ಏಕೆ ಆಗಬಾರದು? ಜೀವದ ಚರಿತ್ರೆಯನ್ನು ಮೊದಲಿನಿಂದ ಮತ್ತೆ ಓಡಿಸಿದರೆ ಮನುಷ್ಯನಂಥವನು ಬರುವ ಸಂಭವವೇ ಇಲ್ಲ, ಎಲ್ಲವೂ ಆಕಸ್ಮಿಕಗಳ ಸರಮಾಲೆ ಎಂದು ಅಮೆರಿಕದ ಸ್ಟೀಫನ್ ಜೇ ಗೌಲ್ಡ್ ವಾದಿಸಿದ. ಕೇಂಬ್ರಿಜ್‌ನ ಪಳೆಯುಳಿಕೆ ತಜ್ಞ, ಶ್ರದ್ಧಾವಂತ ಕ್ರೈಸ್ತ ಸೈಮನ್ ಕಾನ್‌ವೇ ಮಾರಿಸ್ ಇದಕ್ಕೆ ವಿರುದ್ಧ: ಒಂದೇ ಸಮಸ್ಯೆಗೆ ಪ್ರಕೃತಿ ಮತ್ತೆ ಮತ್ತೆ ಒಂದೇ ಪರಿಹಾರಕ್ಕೆ ಬರುತ್ತದೆ, ಆದ್ದರಿಂದ ಬುದ್ಧಿಯೂ ಎಂದಾದರೂ ಬರಲೇಬೇಕಿತ್ತು ಎಂಬುದು ಅವನ ನಿಲುವು. ಬೊಂಡಾಸಿನ ಸಂಬಂಧಿಯಾದ ಆಕ್ಟೋಪಸ್‌ಗೆ ಸುಮಾರು 50 ಕೋಟಿ ನರಕೋಶಗಳಿವೆ, ಅವುಗಳಲ್ಲಿ ಮೂರನೆಯ ಎರಡು ಪಾಲು ತಲೆಯಲ್ಲಿರದೆ ತೋಳುಗಳಲ್ಲಿವೆ. ಅದು ಒಗಟು ಬಿಡಿಸುತ್ತದೆ, ಮುಚ್ಚಳ ತಿರುಗಿಸಿ ಡಬ್ಬಿ ತೆರೆಯುತ್ತದೆ. ನಮ್ಮದಲ್ಲದ ಒಂದು ಬುದ್ಧಿಯನ್ನು ನೋಡಬೇಕೆನ್ನುವವರು 124 ಜ್ಯೋತಿರ್ವರ್ಷ ಹೋಗಬೇಕಾಗಿಲ್ಲ. ಆದರೆ ನನಗೆ ಗೌಲ್ಡ್‌ನ ವಾದವನ್ನೂ ತಳ್ಳಿಹಾಕಲು ಆಗುವುದಿಲ್ಲ. ಕಣ್ಣು ಹತ್ತಾರು ಸಲ ಬಂದಿರುವ ಭೂಮಿಯಲ್ಲಿ, ರೇಡಿಯೋ ಕಟ್ಟಿ ಆಕಾಶಕ್ಕೆ ಕೂಗುವ ಜೀವಿ ಒಂದೇ ಸಲ ಬಂದಿದೆ.

ಈಗ ಮಣೆಯ ವಿಷಯ. ಕಥೋಲಿಕ ಸಭೆ 1950ರಲ್ಲಿಯೇ ಪೋಪರ ಪತ್ರವೊಂದರ ಮೂಲಕ, ಮನುಷ್ಯದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೆಂಬ ಸಂಶೋಧನೆಗೆ ಅವಕಾಶ ಕೊಟ್ಟಿತು. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಜೀವವಿಕಾಸವು ಕೇವಲ ಊಹೆಗಿಂತ ಹೆಚ್ಚಿನದೆಂದು ಒಪ್ಪಿದರು. ಆದರೆ 1950ರ ಅದೇ ಪತ್ರ ಮನುಕುಲವೆಲ್ಲ ಒಬ್ಬ ಆದಾಮನಿಂದ ಬಂದದ್ದೆಂಬುದನ್ನು ಬಿಡಲು ಸಿದ್ಧವಿರಲಿಲ್ಲ, ಏಕೆಂದರೆ ಆದಿಪಾಪದ ಸಿದ್ಧಾಂತ ಆ ಒಬ್ಬನ ಮೇಲೆ ನಿಂತಿದೆ. ಇಂದಿನ ಜನಾಂಗದ ವಂಶವಾಹಿಗಳನ್ನು ಹಿಂದಕ್ಕೆ ಲೆಕ್ಕಹಾಕಿದರೆ ಪೂರ್ವಜರ ಸಂಖ್ಯೆ ಎಂದೂ ಸಾವಿರಗಳಿಂದ ಇಬ್ಬರಿಗೆ ಇಳಿದಂತೆ ಕಾಣುವುದಿಲ್ಲ. ದೇವತಾಶಾಸ್ತ್ರಜ್ಞರು ಇದಕ್ಕೆ ನಾನಾ ಸಮಾಧಾನಗಳನ್ನು ಹುಡುಕಿದ್ದಾರೆ, ಯಾವುದೂ ಪೂರ್ತಿ ಕುಳಿತಿಲ್ಲ. ಇಸ್ಲಾಮಿನಲ್ಲೂ ಬಿಕ್ಕಟ್ಟು ಇದೇ ಜಾಗದಲ್ಲಿ. ಕುರ್‌ಆನ್ ಅಲ್ಲಾಹನನ್ನು ಆರಂಭದಲ್ಲಿಯೇ ಲೋಕಗಳ ಒಡೆಯ ಎಂದು ಬಹುವಚನದಲ್ಲಿ ಕರೆಯುತ್ತದೆ, ಆಕಾಶಗಳಲ್ಲಿಯೂ ಭೂಮಿಯಲ್ಲಿಯೂ ಅವನು ಜೀವಿಗಳನ್ನು ಹರಡಿದ್ದಾನೆ ಎನ್ನುತ್ತದೆ. ಆದ್ದರಿಂದ ಬೇರೆ ಲೋಕದ ಜೀವಿ ಅಲ್ಲಿ ಆಘಾತವಲ್ಲ. ಪ್ರಾಣಿಗಳ ವಿಕಾಸವನ್ನು ಒಪ್ಪುವ ಹಲವು ವಿದ್ವಾಂಸರೂ ಆದಮರ ವಿಷಯಕ್ಕೆ ಬಂದಾಗ ಮಾತ್ರ ನಿಂತುಬಿಡುತ್ತಾರೆ.

ಇದನ್ನು ಓದಿ ಹಿಂದೂಗಳು ನಮಗೆ ಆ ತಾಪತ್ರಯವಿಲ್ಲ ಎಂದು ಬೀಗಬಾರದು. ಅನಂತಕೋಟಿ ಬ್ರಹ್ಮಾಂಡಗಳು, ಹದಿನಾಲ್ಕು ಲೋಕಗಳು, ದೇವ ಗಂಧರ್ವ ಯಕ್ಷರು ಎಲ್ಲ ಇದ್ದೂ, ಪುರಾಣಗಳ ಪ್ರಕಾರ ಕರ್ಮ ಮಾಡಿ ಮುಂದಕ್ಕೆ ಹೋಗಬಲ್ಲ ಕರ್ಮಭೂಮಿ ಭರತವರ್ಷವೊಂದೇ, ಉಳಿದವು ಭೋಗಭೂಮಿಗಳು. ಸಂಕಲ್ಪದಲ್ಲಿ ಭರತವರ್ಷದ ಹೆಸರು ಹೇಳುವುದು ಸುಮ್ಮನೆಯಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದರೆ ಅಲ್ಲಿ ಸೃಷ್ಟಿಕರ್ತನೇ ಇಲ್ಲದ ಧರ್ಮವಿದೆ, ಜೀವಿಗಳನ್ನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದ ಧರ್ಮವಿದೆ. ಅಲ್ಲಿಯೂ ಮನುಷ್ಯಜನ್ಮಕ್ಕೆ ಎರಡೂವರೆ ದ್ವೀಪಗಳ ಗಡಿ ಇದೆ, ಮೋಕ್ಷ ಆ ಗಡಿಯೊಳಗೆ ಮಾತ್ರ. ಆದಾಮನಿಲ್ಲದ ಕಡೆ ಭೂಗೋಳ ಆ ಕೆಲಸ ಮಾಡುತ್ತಿದೆ. ಕೆ2-18ಬಿಯಲ್ಲಿ ಒಂದು ಬುದ್ಧಿ ಇದ್ದು, ಅದಕ್ಕೂ ತಾನು ಮಾಡಿದ್ದರ ಪಶ್ಚಾತ್ತಾಪ, ಮುಂದಿನದರ ಹಂಬಲ ಇದ್ದರೆ, ಅದರ ಕರ್ಮಭೂಮಿ ಯಾವುದು?

ಇದಕ್ಕಿಂತ ಗಾಢವಾದ ತೊಡಕು ನೋವಿನದು. ತೆಂಗಿಗೆ ಕಪ್ಪುತಲೆ ಹುಳ ಬಿದ್ದಾಗ ಗೋನಿಯೋಜಸ್ ಎಂಬ ಚಿಕ್ಕ ಕಣಜವನ್ನು ತೋಟಕ್ಕೆ ಬಿಡುವುದು ಕರಾವಳಿಯ ಕೃಷಿಕರಿಗೆ ಗೊತ್ತಿರುವ ಉಪಾಯ. ಹೆಣ್ಣು ಕಣಜ ಹುಳವನ್ನು ಚುಚ್ಚಿ ಅಲುಗಾಡದಂತೆ ಮಾಡಿ ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಆ ಜೀವಂತ ಹುಳವನ್ನೇ ಹೀರಿ ಬೆಳೆಯುತ್ತವೆ. ಇಂಥದೇ ಕಣಜಗಳನ್ನು ನೆನೆದು 1860ರಲ್ಲಿ ಡಾರ್ವಿನ್ ತನ್ನ ಮಿತ್ರ, ದೈವಭಕ್ತ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ: ದಯಾಳುವಾದ ದೇವರು ಇದನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಲು ತನಗೆ ಆಗುತ್ತಿಲ್ಲ ಎಂದು. ಕರ್ಮಸಿದ್ಧಾಂತ ಇದಕ್ಕೆ ಉತ್ತರ ಕೊಡುತ್ತದೆ: ಹುಳುವಿನ ಜನ್ಮ ಹಿಂದೆ ಮಾಡಿದ್ದರ ಭೋಗ. ಆದರೆ ಮಾಡಿದ್ದು ಎಲ್ಲಿ? ಕರ್ಮ ಕೂಡಿಹಾಕುವುದು ಮುಖ್ಯವಾಗಿ ಮನುಷ್ಯಜನ್ಮದಲ್ಲಿ. ಭೂಮಿಯಲ್ಲಿ ಜೀವಕ್ಕೆ 350 ಕೋಟಿ ವರ್ಷಗಳ ಚರಿತ್ರೆ ಇದೆ, ಮನುಷ್ಯನಿಗೆ 3 ಲಕ್ಷ ವರ್ಷ. ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಉಳಿದ ಅಷ್ಟೂ ಕಾಲ ಭೋಗಿಸಿದ ಜೀವಿಗಳು ತಮ್ಮ ಕರ್ಮವನ್ನು ಹಿಂದಿನ ಕಲ್ಪಗಳಿಂದ ತಂದಿರಬೇಕು, ಇಲ್ಲವೇ ಬೇರೆ ಲೋಕಗಳಿಂದ. ಈ ದೃಷ್ಟಿಯಿಂದ ನೋಡಿದರೆ ಕರ್ಮವನ್ನು ನಂಬುವವರಿಗೆ ಅನ್ಯಲೋಕದ ಬುದ್ಧಿಜೀವಿ ತೊಂದರೆಯಲ್ಲ, ಅಗತ್ಯ. ಆ ಲೆಕ್ಕ ತಾಳೆಯಾಗಬೇಕಾದರೆ ಭರತವರ್ಷವೊಂದೇ ಕರ್ಮಭೂಮಿಯೆಂಬ ಮಾತನ್ನು ಸಡಿಲಿಸಬೇಕಾಗುತ್ತದೆ. ಇಂಥ ಒಂದು ಬೆಲೆ ತೆತ್ತ ರಾಜಿಯನ್ನು ನಾನು ಗೌರವಿಸುತ್ತೇನೆ, ಪುಕ್ಕಟೆಯ ರಾಜಿಯನ್ನಲ್ಲ.

ಮಂಗಳೂರಿನಲ್ಲಿ 1880ರಿಂದ ಕಾಲೇಜು ನಡೆಸುತ್ತಿರುವ ಜೆಸ್ವಿಟ್ ಸಂಘದವರೇ ವ್ಯಾಟಿಕನ್ನಿನ ಖಗೋಳ ವೀಕ್ಷಣಾಲಯವನ್ನೂ ನಡೆಸುತ್ತಾರೆ. ಅದರ ನಿರ್ದೇಶಕರಾಗಿದ್ದ ಹೊಸೆ ಫುನೆಸ್ 2008ರಲ್ಲಿ ಅನ್ಯಗ್ರಹದವನೂ ಸೋದರನೇ ಎಂದರು. ಮುಂದೆ ಆ ಸ್ಥಾನಕ್ಕೆ ಬಂದ ಗೈ ಕನ್ಸೋಲ್ಮಾನ್ಯೊ, ಎಷ್ಟು ತೋಳುಗಳಿದ್ದರೂ ಅದಕ್ಕೆ ಆತ್ಮವಿದೆ, ತಾನಾಗಿ ಕೇಳಿದರೆ ದೀಕ್ಷಾಸ್ನಾನ ಕೊಡುತ್ತೇನೆ ಎಂದರು. ತೋಳುಗಳ ಮಾತು ಓದಿದಾಗ ನನಗೆ ಬೊಂಡಾಸ್ ನೆನಪಾಯಿತು. ಅಮೆರಿಕದ ದೇವತಾಶಾಸ್ತ್ರಜ್ಞ ಟೆಡ್ ಪೀಟರ್ಸ್ ನಡೆಸಿದ ಸಮೀಕ್ಷೆಯೊಂದರಲ್ಲಿ ಬಹುಪಾಲು ಆಸ್ತಿಕರು, ಅನ್ಯಗ್ರಹ ಜೀವಿ ಸಿಕ್ಕಿದರೆ ತಮ್ಮ ಶ್ರದ್ಧೆಗೇನೂ ಆಗದು ಎಂದಿದ್ದರು. ಧರ್ಮಗಳು ಕುಸಿದುಬೀಳುತ್ತವೆ ಎಂಬ ನಿರೀಕ್ಷೆ ಹೆಚ್ಚಾಗಿ ಕಂಡದ್ದು ಧರ್ಮವಿಲ್ಲದವರಲ್ಲಿ.

ಸಂಪರ್ಕದ ಮಾತಿಗೆ ಬಂದರೆ ಕನ್ನಡಿಗರು ಆಗಲೇ ಮಾತು ಶುರುಮಾಡಿದ್ದೇವೆ. 1977ರಲ್ಲಿ ಹಾರಿಬಿಟ್ಟ ಎರಡು ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಅವುಗಳಲ್ಲಿ ಒಂದು. ಆ ನೌಕೆಗಳಲ್ಲಿ ವಾಯೇಜರ್-1 ಈಗ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿದೆ; ಬೆಳಕಿನ ವೇಗದಲ್ಲಿ ಹೋದರೆ ಹೆಚ್ಚುಕಡಿಮೆ ಒಂದು ದಿನದ ದಾರಿ. ಕೆ2-18ಬಿ 124 ವರ್ಷದ ದಾರಿ. ಇವತ್ತು ಹಲೋ ಎಂದರೆ ಉತ್ತರ ಬರುವಾಗ ಕೇಳಿದವರ ಮೊಮ್ಮಕ್ಕಳ ಮೊಮ್ಮಕ್ಕಳೂ ಉಳಿದಿರಲಾರರು. ಆದ್ದರಿಂದ ಅವರ ದೇವರು ಯಾರೆಂದು ಅವರನ್ನೇ ಕೇಳಿ ತಿಳಿಯುವ ಭಾಗ್ಯ ನಮ್ಮ ಕಾಲದವರಿಗಂತೂ ಇಲ್ಲ. ಇರುವ ಪುರಾವೆಯ ಮೇಲೆ, ಇರುವ ಶಾಸ್ತ್ರಗಳನ್ನು ಇಟ್ಟುಕೊಂಡೇ ಯೋಚಿಸಬೇಕು.

ಭಟ್ಟರು ಮಾಡಿದ್ದೂ ಅದನ್ನೇ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿ, ತಮ್ಮ ತಮ್ಮನ ಮಗ ನ್ಯೂಜೆರ್ಸಿಯಲ್ಲಿ ಪೌರೋಹಿತ್ಯ ಮಾಡುತ್ತಾನೆಂದೂ, ಅಲ್ಲಿ ಭರತವರ್ಷೇ ಭರತಖಂಡೇ ಎಂದು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆಂದು ಕ್ರೌಂಚದ್ವೀಪೇ ರಮಣಕವರ್ಷೇ ಎಂದು ಹೇಳುತ್ತಾನೆಂದೂ ವಿವರಿಸಿದರು. ಶಾಸ್ತ್ರದಲ್ಲಿ ದ್ವೀಪಗಳು ಏಳು ಇವೆ, ಹುಡುಕಿದರೆ ಒಂದು ಸಿಕ್ಕೀತು. “ದ್ವೀಪ ದೊಡ್ಡ ಸಂಗತಿ ಅಲ್ಲ ಮಗಾ,” ಎಂದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ ಅವಳನ್ನೇ ಕೇಳಿದರು: “ಅಲ್ಲಿ ಚಂದ್ರ ಉಂಟಾ? ತಿಥಿ ಹೇಳ್ಬೇಕಲ್ಲ.”

ಹುಡುಗಿ ಮೊಬೈಲ್ ತೆಗೆದು ನೋಡಿದಳು. ಆ ಗ್ರಹ ತನ್ನ ಕೆಂಪು ನಕ್ಷತ್ರವನ್ನು 33 ದಿನಕ್ಕೊಮ್ಮೆ ಸುತ್ತುತ್ತದೆ ಎಂದು ಸಿಕ್ಕಿತು. ಚಂದ್ರನ ಬಗ್ಗೆ ಏನೂ ಸಿಗಲಿಲ್ಲ. “ಹಾಗಾದ್ರೆ ಸಂವತ್ಸರವೇ 33 ದಿನಕ್ಕೆ ಮುಗಿಯಿತು,” ಎಂದು ಭಟ್ಟರು ಎಲೆ ಮಡಚಿ ಬಾಯಿಗೆ ಹಾಕಿಕೊಂಡರು.